ಸಮಾಜಶಾಸ್ತ್ರದಲ್ಲಿ ಬಿ.ಎ. ಓದಬೇಕೆನ್ನುವ ಮಗಳು: ತಿಳಿದವರ ಸಲಹೆ ಬೇಕಾಗಿದೆ

ಪ್ರಶ್ನೆ: ಡೊಂಬಿವಲಿಯಿಂದ ಒಬ್ಬ ತಂದೆ

ಎಲ್ಲ ಹಿರಿಯರಿಗೂ ಮಿತ್ರರಿಗೂ ನಮಸ್ಕಾರಗಳು. ನಾನು ಕುಂದಾಪುರದ ಕಡೆಯವನು. ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಹತ್ತನೆಯ ತರಗತಿ ಮುಗಿಸಿದವನು. ಈಗ ಡೊಂಬಿವಲಿಯಲ್ಲಿ ಸಣ್ಣದೊಂದು ಕ್ಯಾಂಟೀನು ನಡೆಸುತ್ತಿದ್ದೇನೆ. ನನ್ನ ಮಗಳು ಈ ವರ್ಷ ವಾಣಿಜ್ಯ ವಿಭಾಗದಲ್ಲಿ ಶೇಕಡಾ 84 ಅಂಕ ಪಡೆದು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಬಿ.ಕಾಂ. ಸೇರಿ ಸಿ.ಎ.ಗೆ ತಯಾರಾಗುತ್ತಾಳೆ ಎಂದು ಮನೆಯವರೆಲ್ಲ ಎಣಿಸಿದ್ದೆವು. ಆದರೆ ಸಮಾಜಶಾಸ್ತ್ರವನ್ನೇ ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎ. ಓದುತ್ತೇನೆಂದು ಅವಳು ಹಟ ಹಿಡಿದಿದ್ದಾಳೆ.

ನಾನು ಅವಳನ್ನು ತಡೆಯಲು ಇದನ್ನು ಬರೆಯುತ್ತಿಲ್ಲ. ನನಗೆ ಓದಲು ಸಿಕ್ಕಿದ್ದು ರಾತ್ರಿಯ ಎರಡು ಗಂಟೆ ಮಾತ್ರ. ಅವಳಿಗೆ ಇಡೀ ಹಗಲು ಇದೆ, ಅದು ಅವಳಿಗೆ ಬೇಕಾದುದಕ್ಕೇ ಸಲ್ಲಲಿ ಎಂಬ ಆಸೆ ನನಗೂ ಇದೆ. ಆದರೆ ಈ ಶಾಸ್ತ್ರವೆಂದರೆ ಏನೆಂಬುದು ನನಗೆ ಸರಿಯಾಗಿ ತಿಳಿಯದು. ಬಂಧುಗಳು ಇದನ್ನು ಸಮಾಜಸೇವೆಯ ಓದು ಎನ್ನುತ್ತಾರೆ, ಕಡಿಮೆ ಅಂಕ ಬಂದವರು ತೆಗೆದುಕೊಳ್ಳುವ ವಿಷಯ ಎನ್ನುತ್ತಾರೆ. ಮೂರು ವರ್ಷಗಳಲ್ಲಿ ಅವಳು ನಿಜವಾಗಿ ಏನನ್ನು ಕಲಿಯುತ್ತಾಳೆ? ಮುಂದೆ ತನ್ನ ಕಾಲ ಮೇಲೆ ನಿಲ್ಲುವಷ್ಟು ಸಂಪಾದನೆ ಆದೀತೆ? ಮುಂಬಯಿಯಲ್ಲೇ ಓದಿಸುವುದೋ, ಪುಣೆಗೆ ಕಳುಹಿಸುವುದೋ? ಈ ವಿಷಯವನ್ನು ಓದಿದವರು ಅಥವಾ ಕಲಿಸಿದವರು ಇದ್ದರೆ ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1: ಪುಣೆಯಿಂದ ಒಬ್ಬ ನಿವೃತ್ತ ಉಪನ್ಯಾಸಕಿ

ಮಾನ್ಯರೇ, ಇಪ್ಪತ್ತಾರು ವರ್ಷ ಈ ವಿಷಯವನ್ನು ಕಲಿಸಿದವಳು ನಾನು. ಆದ್ದರಿಂದ ನನ್ನ ಮಾತಿನಲ್ಲಿ ಅಭಿಮಾನ ಬೆರೆತಿದ್ದರೆ ಅದನ್ನು ಸೋಸಿಕೊಂಡು ಓದಿ.

ಮೊದಲು ನಿಮ್ಮ ಬಂಧುಗಳ ಮಾತು. ಸಮಾಜಸೇವೆಗೂ ಸಮಾಜಶಾಸ್ತ್ರಕ್ಕೂ ನಂಟು ಇರಬಹುದು, ಆದರೆ ಎರಡೂ ಒಂದೇ ಅಲ್ಲ. ಕಷ್ಟದಲ್ಲಿರುವವರಿಗೆ ನೆರವಾಗುವ ಕ್ರಮವನ್ನು ಕಲಿಸುವುದು ಸಮಾಜಕಾರ್ಯ, ಅದಕ್ಕೆ ಬಿ.ಎಸ್‌.ಡಬ್ಲ್ಯೂ., ಎಂ.ಎಸ್‌.ಡಬ್ಲ್ಯೂ. ಎಂಬ ಬೇರೆಯೇ ಪದವಿಗಳಿವೆ. ಜನರು ಕೂಡಿ ಬಾಳುವಾಗ ಅವರ ನಡುವೆ ಏರ್ಪಡುವ ಕಟ್ಟುಗಳನ್ನು, ಅಂದರೆ ಕುಟುಂಬ, ಜಾತಿ, ವರ್ಗ, ಧರ್ಮ, ದುಡಿಮೆ, ವಲಸೆ, ಅಧಿಕಾರ ಇವೆಲ್ಲ ಹೇಗೆ ಉಂಟಾಗುತ್ತವೆ, ಯಾವುದರಿಂದ ಬದಲಾಗುತ್ತವೆ ಎಂಬುದನ್ನು ಆಧಾರ ಸಹಿತ ತಿಳಿಯುವ ಪ್ರಯತ್ನ ಸಮಾಜಶಾಸ್ತ್ರ. ಒಬ್ಬ ವ್ಯಕ್ತಿಯ ಸ್ವಂತ ನಿರ್ಧಾರವೆಂದು ನಾವು ತಿಳಿದಿರುವ ಸಂಗತಿಯಲ್ಲೂ ಸಮಾಜದ ಕೈ ಇರುತ್ತದೆ ಎಂಬುದು ಅದರ ಮೊದಲ ಪಾಠ. ಫ್ರಾನ್ಸಿನ ಎಮಿಲ್ ದರ್ಖೈಮ್ 1897ರಲ್ಲಿ ಆತ್ಮಹತ್ಯೆಯಂಥ ತೀರ ಖಾಸಗಿ ಎನಿಸುವ ವಿಷಯವನ್ನೇ ಎತ್ತಿಕೊಂಡು, ಅಂಕಿಅಂಶಗಳ ನೆರವಿನಿಂದ, ಅದರ ಪ್ರಮಾಣವು ಜನರು ತಮ್ಮ ಸಮುದಾಯದೊಂದಿಗೆ ಎಷ್ಟು ಬೆಸೆದುಕೊಂಡಿದ್ದಾರೆ ಎಂಬುದನ್ನು ಅವಲಂಬಿಸಿದೆ ಎಂದು ವಾದಿಸಿದ. ಅವನ ಎಲ್ಲ ತೀರ್ಮಾನಗಳನ್ನೂ ಇಂದು ಒಪ್ಪಬೇಕಾಗಿಲ್ಲ. ಆದರೆ ಪ್ರಶ್ನೆ ಕೇಳುವ ಆ ಬಗೆಯನ್ನು ಕಲಿತವರು ಅದನ್ನು ಮರೆಯುವುದಿಲ್ಲ.

ನಿಮ್ಮ ಮಗಳು ಮುಂಬಯಿಯಲ್ಲಿ ಇದನ್ನು ಓದುವುದಕ್ಕೆ ವಿಶೇಷ ಅರ್ಥವಿದೆ ಎಂಬುದನ್ನು ಹೇಳದೆ ಇರಲಾರೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ. ನಗರ ಯೋಜನೆಗೆ ಹೆಸರಾದ ಪ್ಯಾಟ್ರಿಕ್ ಗೆಡ್ಡಿಸ್ ಅದರ ಮೊದಲ ಮುಖ್ಯಸ್ಥರು. 1924ರಲ್ಲಿ ಅವರ ಸ್ಥಾನಕ್ಕೆ ಬಂದ ಮಾಲವಣದ ಜಿ.ಎಸ್. ಘುರ್ಯೆ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಕುಳಿತು, ದೇಶದ ಈ ಕ್ಷೇತ್ರದ ದೊಡ್ಡ ದೊಡ್ಡ ವಿದ್ವಾಂಸರನ್ನು ಬೆಳೆಸಿದರು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮುಂಬಯಿಗೆ ಬಂದ ನಮ್ಮ ಎಂ.ಎನ್. ಶ್ರೀನಿವಾಸ್ ಘುರ್ಯೆಯವರ ಶಿಷ್ಯರು, ಎ.ಆರ್. ದೇಸಾಯಿಯೂ ಘುರ್ಯೆಯವರ ಶಿಷ್ಯರೇ; ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಬಂಧುತ್ವ ವ್ಯವಸ್ಥೆಯ ಮೇಲೆ ಹಿರಿದಾದ ಕೆಲಸ ಮಾಡಿದ ಇರಾವತಿ ಕರ್ವೆಯವರೂ ಘುರ್ಯೆಯವರಲ್ಲೇ ಎಂ.ಎ. ಮಾಡಿದವರು. ಶ್ರೀನಿವಾಸರು 1952ರಲ್ಲಿ ಕೊಡವರನ್ನು ಕುರಿತ ಗ್ರಂಥದಲ್ಲಿ ಬಳಕೆಗೆ ತಂದ ‘ಸಂಸ್ಕೃತೀಕರಣ’ (ಕೆಳಗಿನದೆನಿಸಿಕೊಂಡ ಜಾತಿ ಮೇಲಿನ ಜಾತಿಯ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದು) ಎಂಬ ಮಾತು ಇಂದು ಪತ್ರಿಕೆಗಳಲ್ಲೂ ಸಹಜವಾಗಿ ಓಡಾಡುತ್ತದೆ. ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ 1948ರಲ್ಲಿ ಅವರು ತಂಗಿದ್ದು ಬರೆದುಕೊಂಡ ಟಿಪ್ಪಣಿಗಳ ಆಧಾರದಿಂದ ಸಿದ್ಧಪಡಿಸಿದ್ದ ಹಾಳೆಗಳೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಅವರು ಆ ಹಳ್ಳಿಯನ್ನು ನೆನಪಿನಿಂದಲೇ ಮತ್ತೆ ಕಟ್ಟಿ ಬರೆದರು. ಗ್ರಂಥ 1976ರಲ್ಲಿ ಹೊರಬಂತು. ಪ್ರತಿ ವರ್ಷ ಎಫ್‌.ವೈ. (ಬಿ.ಎ. ಮೊದಲ ವರ್ಷದ) ಮಕ್ಕಳಿಗೆ ನಾನು ಈ ಸಂಗತಿಯಿಂದಲೇ ಪಾಠ ಆರಂಭಿಸುತ್ತಿದ್ದೆ. ಒಂದು ಹಳ್ಳಿಯನ್ನು ಎಷ್ಟು ಗಮನವಿಟ್ಟು ನೋಡಿದ್ದರೆ ಅದು ಇಪ್ಪತ್ತು ವರ್ಷಗಳ ಮೇಲೂ ಮನಸ್ಸಿನಲ್ಲಿ ಉಳಿದಿದ್ದೀತು ಎಂದು ಅವರನ್ನು ಕೇಳುತ್ತಿದ್ದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಇರಾವತಿ ಕರ್ವೆಯವರು ಪಂಢರಪುರದ ವಾರಿಯಲ್ಲಿ, ಅಂದರೆ ವಿಠ್ಠಲನ ದರ್ಶನಕ್ಕೆ ಹೋಗುವ ಕಾಲ್ನಡಿಗೆಯ ಯಾತ್ರೆಯಲ್ಲಿ, ದಿಂಡಿಯೊಂದಿಗೆ (ಯಾತ್ರಿಕರ ತಂಡದೊಂದಿಗೆ) ನಡೆದು ಹೋಗಿ ಅದನ್ನು ಕುರಿತು ಬರೆದಿದ್ದಾರೆ. ಪಂಢರಪುರಕ್ಕೆ ಯಾತ್ರೆ ಹೋಗುವ ಜನರ ನಾಡೇ ಮಹಾರಾಷ್ಟ್ರ ಎಂಬ ಹೊಸ ಅರ್ಥ ಅವರಿಗೆ ಆ ದಾರಿಯಲ್ಲಿ ಹೊಳೆಯಿತು. ಅದೇ ದಾರಿಯಲ್ಲಿ, ಒಂದೇ ಅಭಂಗ ಹಾಡುತ್ತ ನಡೆಯುವ ಒಂದೇ ದಿಂಡಿಯ ಬ್ರಾಹ್ಮಣರೂ ಮರಾಠರೂ ಅಡುಗೆ ಊಟಗಳನ್ನು ಬೇರೆ ಬೇರೆಯಾಗಿ ಮಾಡಿಕೊಳ್ಳುವುದನ್ನೂ ಅವರು ಕಂಡರು, ಆ ನೋವನ್ನು ಮುಚ್ಚಿಡದೆ ಬರೆದರು. ವಿಠ್ಠಲನನ್ನು ‘ಕಾನಡಾ’ (ಕನ್ನಡದವನು) ಎಂದು ಜ್ಞಾನೇಶ್ವರರೇ ಹಾಡಿದ್ದಾರೆ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಂದ ಇಂದಿಗೂ ವಾರಿಗೆ ಹೋಗುವವರಿದ್ದಾರೆ. ಭಕ್ತಿಯನ್ನು ಕಡೆಗಣಿಸದೆ, ಪಂಕ್ತಿಭೇದವನ್ನೂ ಕಾಣದಂತೆ ನಟಿಸದೆ, ಎರಡನ್ನೂ ಒಟ್ಟಿಗೆ ನೋಡುವ ಪ್ರಾಮಾಣಿಕತೆಯನ್ನೇ ನಿಮ್ಮ ಮಗಳು ಕಲಿಯಬೇಕಾಗಿರುವುದು. ಇದಕ್ಕೆ ಕಡಿಮೆ ಅಂಕದ ಬುದ್ಧಿ ಸಾಲುವುದಿಲ್ಲ.

ಪುಣೆಗೆ ಕಳುಹಿಸಬೇಕೇ ಎಂದು ಕೇಳಿದ್ದೀರಿ. ಇಲ್ಲಿ ಒಳ್ಳೆಯ ಕಾಲೇಜುಗಳಿವೆ, ನಿಜ. ಆದರೆ ಬಿ.ಎ.ಗಾಗಿಯೇ ಮನೆ ಬಿಟ್ಟು ಹಾಸ್ಟೆಲಿನ ಖರ್ಚು ಹೊರುವ ಅಗತ್ಯ ನನಗೆ ಕಾಣುವುದಿಲ್ಲ. ಎಂ.ಎ.ಗೆ ಊರು ಬದಲಿಸಿದರೆ ಹೆಚ್ಚು ಪ್ರಯೋಜನ. ಈಗ ಕಾಲೇಜು ಆರಿಸುವಾಗ ಎರಡೇ ವಿಷಯ ವಿಚಾರಿಸಿ: ಸಮಾಜಶಾಸ್ತ್ರವನ್ನು ಕೊನೆಯ ವರ್ಷದವರೆಗೂ ಮುಖ್ಯ ವಿಷಯವಾಗಿ ಕಲಿಸುತ್ತಾರೆಯೇ, ಮತ್ತು ಮಕ್ಕಳನ್ನು ಕ್ಷೇತ್ರಕಾರ್ಯಕ್ಕೆ ಕರೆದೊಯ್ಯುತ್ತಾರೆಯೇ. ಎರಡನೆಯದಕ್ಕೆ ಸ್ಪಷ್ಟ ಉತ್ತರ ಬಾರದ ಕಾಲೇಜನ್ನು, ಅದರ ಹೆಸರು ಎಷ್ಟೇ ದೊಡ್ಡದಿರಲಿ, ಬಿಟ್ಟುಬಿಡಿ.

ಉತ್ತರ 2: ಮುಲುಂಡಿನಿಂದ ಒಬ್ಬ ಹಳೆಯ ವಿದ್ಯಾರ್ಥಿನಿ

ಅಂಕಲ್, ನಾನೂ ಹೋಟೆಲಿನವರ ಮನೆಯ ಮಗಳೇ. ಎಂಟು ವರ್ಷಗಳ ಹಿಂದೆ ಸಮಾಜಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಅನಂತರ ಎಂ.ಎ. ಮಾಡಿ, ಈಗ ಆರೋಗ್ಯ ಸಮೀಕ್ಷೆಗಳನ್ನು ನಡೆಸುವ ಒಂದು ಸಂಸ್ಥೆಯಲ್ಲಿ ಕೆಲಸದಲ್ಲಿದ್ದೇನೆ. ಮೇಡಂ ಅವರು ಶಾಸ್ತ್ರದ ಕುರಿತು ಹೇಳಿದ್ದಾರೆ. ನಾನು ಕಲಿತ ಬಗೆಯನ್ನು ಹೇಳುತ್ತೇನೆ.

ನನ್ನ ಮೊದಲ ಎರಡು ವರ್ಷ ವ್ಯರ್ಥವೆನ್ನುವಂತೆ ಕಳೆದವು. ನಾನು ಸೇರಿದ ಕಾಲೇಜಿನಲ್ಲಿ ಟಿಪ್ಪಣಿ ಬರೆಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡ್ ಕೊಂಡು ಓದಿದವರಿಗೂ ನನಗೂ ಬಂದ ಅಂಕಗಳಲ್ಲಿ ವ್ಯತ್ಯಾಸವಿರಲಿಲ್ಲ. ವೆಬರ್, ಮಾರ್ಕ್ಸ್ ಮೊದಲಾದ ಚಿಂತಕರೆಂದರೆ ಐದೈದು ಅಂಶಗಳ ಪಟ್ಟಿ ಎಂದಷ್ಟೇ ನನಗೆ ಗೊತ್ತಿತ್ತು. ಇದು ನಿಮ್ಮ ಮಗಳಿಗೂ ಆಗಬಹುದು, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ.

ಟಿ.ವೈ.ಯಲ್ಲಿ, ಅಂದರೆ ಮೂರನೆಯ ವರ್ಷದಲ್ಲಿ, ಪ್ರಾಜೆಕ್ಟ್ ಮಾಡಬೇಕಾಯಿತು. ನಾನು ಮಾಟುಂಗದ ಆಸುಪಾಸಿನ ಮೂರು ಹೋಟೆಲುಗಳಲ್ಲಿ ಕೆಲಸ ಮಾಡುವ ಹತ್ತೊಂಬತ್ತು ಮಂದಿಯನ್ನು ಮಾತನಾಡಿಸುವುದೆಂದು ನಿಶ್ಚಯಿಸಿ, ಮೂವತ್ತು ಪ್ರಶ್ನೆಗಳ ಪ್ರಶ್ನಾವಳಿ ತಯಾರಿಸಿಕೊಂಡು ಹೋದೆ. ಅದರಲ್ಲಿ ‘ಇಲ್ಲಿ ಜಾತಿಭೇದ ಇದೆಯೇ’ ಎಂಬುದು ಹನ್ನೊಂದನೆಯ ಪ್ರಶ್ನೆ. ಹತ್ತೊಂಬತ್ತು ಮಂದಿಯೂ ‘ಇಲ್ಲ’ ಎಂದರು. ನಾನು ಸಂತೋಷದಿಂದ ಹಾಗೆಯೇ ಬರೆದುಕೊಂಡು ಹೋಗಿ ಒಪ್ಪಿಸಿದೆ. ನಮ್ಮ ಸರ್ ಹಾಳೆಯನ್ನು ತಿರುಗಿಸಿ ಕೊಟ್ಟು, ‘ಜಾತಿಯ ಹೆಸರನ್ನೇ ಎತ್ತಬೇಡ, ಒಂದು ದಿನ ಬೆಳಗಿನಿಂದ ಮುಚ್ಚುವವರೆಗೆ ಅಲ್ಲೇ ಕುಳಿತು ಯಾರು ಎಲ್ಲಿರುತ್ತಾರೆ ಎಂಬುದನ್ನು ಮಾತ್ರ ಬರೆ’ ಎಂದರು.

ಹಾಗೆಯೇ ಮಾಡಿದೆ. ಒಲೆಯ ಮುಂದೆ ಯಾರು ನಿಲ್ಲುತ್ತಾರೆ, ಹಿಟ್ಟು ರುಬ್ಬುವವರು ಯಾರು, ಗಲ್ಲಾಪೆಟ್ಟಿಗೆಯ ಬಳಿ ಯಾರು, ತಟ್ಟೆ ಎತ್ತುವವರು ಯಾರು, ತೊಳೆಯುವ ಮೋರಿಯ ಬಳಿ ಕೂತವರು ಯಾರು, ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿಗಳು ಕಡಿಮೆಯಾದಾಗ ಯಾರು ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾರೆ, ರಾತ್ರಿ ಮೇಲಿನ ಖೋಲಿಯಲ್ಲಿ ಯಾರ ಚಾಪೆ ಎಲ್ಲಿರುತ್ತದೆ. ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಒಂದು ನಕ್ಷೆ ತಾನಾಗಿಯೇ ಮೂಡಿತ್ತು. ‘ಇಲ್ಲ’ ಎಂದವರು ಸುಳ್ಳು ಹೇಳಿರಲಿಲ್ಲ. ಯಾರೂ ಯಾರನ್ನೂ ಬೈದಿರಲಿಲ್ಲ, ದೂರ ಸರಿಸಿರಲಿಲ್ಲ. ಆದರೆ ಒಳಗಿನ ಅಡುಗೆಮನೆಗೆ ಹೋಗುವ ದಾರಿ ಕೆಲವರಿಗೆ ಮಾತ್ರ ಇತ್ತು, ಆ ದಾರಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಹಿಂದೆ ಊರಿನಿಂದ ಮಾವನೋ ದೊಡ್ಡಪ್ಪನೋ ಕರೆತಂದ ನಮ್ಮ ಕಡೆಯ ಹುಡುಗರಿದ್ದ ಜಾಗದಲ್ಲಿ ಈಗ ಒಡಿಶಾ, ಉತ್ತರ ಪ್ರದೇಶ, ನೇಪಾಳದ ಹುಡುಗರಿದ್ದರು. ಅವರನ್ನೂ ಅವರವರ ಮಾವ, ದೊಡ್ಡಪ್ಪಂದಿರೇ ಕರೆತಂದಿದ್ದರು. ನಮ್ಮ ತಂದೆಯ ಹೋಟೆಲಿನಲ್ಲಿ ಬಾಲ್ಯವಿಡೀ ಆಡಿ ಬೆಳೆದ ನಾನು ಇದಾವುದನ್ನೂ ಅದುವರೆಗೆ ಕಂಡಿರಲಿಲ್ಲ. ಆ ದಿನ ಲೋಕಲಿನಲ್ಲಿ ಮನೆಗೆ ಮರಳುವಾಗ ಅಳು ಬಂದದ್ದು ನೆನಪಿದೆ. ಐದೈದು ಅಂಶಗಳ ಪಟ್ಟಿಯಲ್ಲಿದ್ದ ವೆಬರನನ್ನು ನಾನು ನಿಜವಾಗಿ ಓದಿದ್ದು ಅದರ ಮೇಲೆಯೇ.

ಸಂಪಾದನೆಯ ಮಾತಿಗೆ ಬರುತ್ತೇನೆ. ಬಿ.ಎ. ಪದವಿಯೊಂದರಿಂದಲೇ ಒಳ್ಳೆಯ ಕೆಲಸ ಸಿಗುತ್ತದೆ ಎಂದು ನಂಬಿಸಿದರೆ ಅದು ಮೋಸವಾಗುತ್ತದೆ. ಇದು ಮುಂದೆ ಇನ್ನೊಂದನ್ನು ಓದಲು ಅಡಿಪಾಯ ಹಾಕುವ ಪದವಿ. ಎಂ.ಎ.ಯಲ್ಲಿ ಶೇಕಡಾ 55 ಅಂಕ ಪಡೆದು ನೆಟ್ ಅಥವಾ ಸೆಟ್ ಎಂಬ ಅಧ್ಯಾಪಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕಾಲೇಜಿನಲ್ಲಿ ಕಲಿಸುವ ಅರ್ಹತೆ ಬರುತ್ತದೆ. ಆದರೆ ಕಾಯಂ ಹುದ್ದೆಗಳಿಗಾಗಿ ವರ್ಷಗಟ್ಟಲೆ ಕಾದು, ಗಂಟೆಯ ಲೆಕ್ಕದಲ್ಲಿ ಪಾಠ ಮಾಡುತ್ತಿರುವ ನನ್ನ ಗೆಳತಿಯರಿದ್ದಾರೆ. ಶಾಲೆಗೆ ಬಿ.ಎಡ್. ಬೇಕು. ಮೂರು ವರ್ಷದ ಎಲ್‌ಎಲ್‌.ಬಿ. ಮಾಡಿದವರಿದ್ದಾರೆ. ಮುಂಬಯಿಯ ದೇವನಾರಿನಲ್ಲಿ ಎರಡು ದೊಡ್ಡ ಸಂಸ್ಥೆಗಳಿವೆ: 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಆರಂಭವಾದ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್, ಮತ್ತು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊಣೆ ಹೊತ್ತಿರುವ ಜನಸಂಖ್ಯಾ ವಿಜ್ಞಾನದ ಸಂಸ್ಥೆ. ಡೊಂಬಿವಲಿಯಿಂದ ಲೋಕಲಿನಲ್ಲಿ ಹೋಗಿಬರಬಹುದಾದ ಕಡೆ ಇಂಥ ಎರಡು ಸಂಸ್ಥೆಗಳಿರುವುದು ನಿಮ್ಮ ಮಗಳ ಭಾಗ್ಯ. ನನ್ನ ಈಗಿನ ಕೆಲಸಕ್ಕೆ ನನ್ನನ್ನು ಆರಿಸಿದವರು ಕೇಳಿದ್ದು ಮೂರೇ: ಮರಾಠಿ, ಕನ್ನಡ ಎರಡರಲ್ಲೂ ಹೆಂಗಸರೊಂದಿಗೆ ಸಲೀಸಾಗಿ ಮಾತನಾಡಬಲ್ಲೆಯಾ, ಕೇಳಿದ್ದನ್ನು ಸ್ಪಷ್ಟವಾಗಿ ಬರೆಯಬಲ್ಲೆಯಾ, ಎಕ್ಸೆಲ್ ಬರುತ್ತದೆಯಾ. ಮನೆಮಾತನ್ನು ಬಿಡದಂತೆ ಅವಳಿಗೆ ಹೇಳಿ.

ಉತ್ತರ 3: ಠಾಣೆಯಿಂದ ಒಬ್ಬ ಲೆಕ್ಕಪರಿಶೋಧಕರು

ನಾನು ಸಮಾಜಶಾಸ್ತ್ರ ಓದಿದವನಲ್ಲ, ಆದರೆ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ವಾಣಿಜ್ಯ ವಿಭಾಗದಲ್ಲಿ ಅಷ್ಟು ಅಂಕ ಪಡೆದ ಹುಡುಗಿಗೆ ಲೆಕ್ಕದ ಭಯ ಇರಲಾರದು. ಆ ಬಲವನ್ನು ಕೈಬಿಡಬಾರದು. ಹೊಸ ಶಿಕ್ಷಣ ನೀತಿಯಂತೆ ಮುಖ್ಯ ವಿಷಯದ ಜೊತೆಗೆ ಮೈನರ್ (ಉಪವಿಷಯ) ತೆಗೆದುಕೊಳ್ಳುವ ಏರ್ಪಾಡು ಬಂದಿದೆ. ಸಾಧ್ಯವಿದ್ದರೆ ಅರ್ಥಶಾಸ್ತ್ರವನ್ನೋ ಸಂಖ್ಯಾಶಾಸ್ತ್ರವನ್ನೋ ಆರಿಸಿಕೊಳ್ಳಲಿ. ಜನರನ್ನು ಮಾತನಾಡಿಸಲೂ ಬಲ್ಲವರು, ಕೋಷ್ಟಕವನ್ನು ಓದಲೂ ಬಲ್ಲವರು ನನ್ನ ಕಕ್ಷಿದಾರ ಸಂಸ್ಥೆಗಳಲ್ಲಿ ವಿರಳ, ಸಿ.ಎಸ್‌.ಆರ್. (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ) ವರದಿಗಳನ್ನು ನೋಡುವಾಗಲೆಲ್ಲ ಈ ಕೊರತೆ ಎದ್ದು ಕಾಣುತ್ತದೆ.

ಯು.ಪಿ.ಎಸ್‌.ಸಿ. ಆಸೆಗಾಗಿ ಸಮಾಜಶಾಸ್ತ್ರ ಸೇರುವವರು ಬಹಳ. ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯದ ಎರಡು ಪತ್ರಿಕೆಗಳಿಗೆ 500 ಅಂಕಗಳಿವೆ ಎಂಬುದು ನಿಜ. ಆದರೆ ಯಾವ ಪದವಿ ಪಡೆದವರೂ ಅದನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು, ಎಂಜಿನಿಯರುಗಳೂ ಆರಿಸಿಕೊಳ್ಳುತ್ತಾರೆ. ಆ ಒಂದು ಪರೀಕ್ಷೆಗಾಗಿ ಮೂರು ವರ್ಷದ ಪದವಿಯನ್ನು ನಿರ್ಧರಿಸುವುದು ಸರಿಯಲ್ಲ.

ಪುಣೆಯ ಉಪನ್ಯಾಸಕಿಯ ಮರುನುಡಿ

ಲೆಕ್ಕಪರಿಶೋಧಕರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸಂಖ್ಯೆಗೆ ಹೆದರಿ ಕಲಾ ವಿಭಾಗಕ್ಕೆ ಬಂದ ಮಕ್ಕಳಿಗೆ ಸಂಶೋಧನಾ ವಿಧಾನದ ಪತ್ರಿಕೆ ಕಲಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಯು.ಪಿ.ಎಸ್‌.ಸಿ. ಕುರಿತು ಒಂದನ್ನು ಮಾತ್ರ ಸೇರಿಸುತ್ತೇನೆ: ಆ ಪಠ್ಯಕ್ರಮದಲ್ಲಿ ಭಾರತೀಯ ಸಮಾಜವನ್ನು ನೋಡುವ ದೃಷ್ಟಿಗಳೆಂದು ಹೆಸರಿಸಿರುವ ಮೂವರು ಘುರ್ಯೆ, ಶ್ರೀನಿವಾಸ್ ಮತ್ತು ದೇಸಾಯಿ. ಒಬ್ಬರು ಗುರು, ಇಬ್ಬರು ಶಿಷ್ಯರು, ಮೂವರದೂ ಮೂರು ದಾರಿ. ಗ್ರಂಥಗಳಲ್ಲಿ ಘುರ್ಯೆ ಕಂಡ ಜಾತಿಯನ್ನು ಶ್ರೀನಿವಾಸರು ಹಳ್ಳಿಗೆ ಹೋಗಿ ನೋಡಬೇಕೆಂದರು, ದೇಸಾಯಿಯವರು ವರ್ಗದ ಕಡೆಯಿಂದ ಪರಿಶೀಲಿಸಬೇಕೆಂದರು. ಗುರುವನ್ನು ಗೌರವಿಸುತ್ತಲೇ ಅವರಿಂದ ಭಿನ್ನವಾಗಿ ಯೋಚಿಸುವುದನ್ನು ಈ ಮೂವರನ್ನು ಒಟ್ಟಿಗೆ ಓದಿದರೆ ಕಲಿಯಬಹುದು.

ಉತ್ತರ 4: ಗೋವಾದ ವಾಸ್ಕೊದಿಂದ

ನಮಸ್ಕಾರ. ನಮ್ಮದು ಮೂಲತಃ ಬಾಗಲಕೋಟೆ ಜಿಲ್ಲೆ. ತಂದೆ ಬಂದರಿನ ಕೂಲಿಗೆಂದು ವಾಸ್ಕೊಗೆ ಬಂದರು. ನಾನು ಹುಟ್ಟಿದ್ದು ಇಲ್ಲೇ. ಸಮಾಜಶಾಸ್ತ್ರದಲ್ಲಿ ಬಿ.ಎ. ಮುಗಿಸಿ ಈಗ ಎಂ.ಎ. ಓದುತ್ತಿದ್ದೇನೆ. ಉಳಿದವರು ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ.

ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ‘ಘಾಂಟಿ’ ಎಂದು ಕರೆಯುತ್ತಾರೆ. ಶಾಲೆಯಲ್ಲಿ, ಬಸ್ಸಿನಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ ಆ ಶಬ್ದವನ್ನು ಕೇಳುತ್ತಲೇ ನಾನು ಬೆಳೆದೆ. ಅದು ನಮ್ಮ ಬಟ್ಟೆಯ ದೋಷವೆಂದೋ ಮಾತಿನ ದೋಷವೆಂದೋ ತಿಳಿದು, ಹತ್ತನೆಯ ತರಗತಿಯವರೆಗೆ ಹೊರಗೆ ಕನ್ನಡ ಮಾತನಾಡಲು ಹೆದರುತ್ತಿದ್ದೆ. ಬಿ.ಎ. ಎರಡನೆಯ ವರ್ಷದಲ್ಲಿ ಜರ್ಮನಿಯ ಗೇಯೋರ್ಗ್ ಸಿಮ್ಮೆಲ್ 1908ರಲ್ಲಿ ಬರೆದ ‘ಪರಕೀಯ’ನ ಕುರಿತ ಸಣ್ಣ ಬರಹವನ್ನು ಓದಿಸಿದರು. ಪರಕೀಯನೆಂದರೆ ಇಂದು ಬಂದು ನಾಳೆ ಹೊರಟುಹೋಗುವ ಅಲೆಮಾರಿಯಲ್ಲ, ಇಂದು ಬಂದು ನಾಳೆಯೂ ಉಳಿಯುವವನು. ಒಳಗಿದ್ದೂ ಹೊರಗಿನವನು ಎಂಬುದು ಅದರ ಸಾರ. ಆ ತರಗತಿಯಲ್ಲಿ ಕುಳಿತಾಗ ನಮ್ಮ ತಂದೆಯ ಮುಖ ಕಣ್ಣ ಮುಂದೆ ಬಂತು. ಆ ಶಬ್ದವನ್ನು ಮೊದಲ ಬಾರಿ ಹಾಳೆಯ ಮೇಲೆ ಬರೆದು, ಅದನ್ನು ಯಾರು, ಯಾವಾಗ, ಯಾರೆದುರು ಬಳಸುತ್ತಾರೆ ಎಂದು ಗುರುತಿಸಿಕೊಳ್ಳತೊಡಗಿದೆ. ಗಾಂವಕಾರರ (ಊರಿನ ಮೂಲ ಮನೆತನದವರ) ಕೋಮುನಿದಾದ್ ಎಂಬ ಸಾಮೂಹಿಕ ಜಮೀನಿನ ವ್ಯವಸ್ಥೆಯನ್ನು, ಊರಿನ ಭೂಮಿ ಕೈತಪ್ಪುತ್ತಿದೆಯೆಂಬ ಗೋವಾದವರ ಆತಂಕವನ್ನು ಓದಿದ ಮೇಲೆ, ಆ ಶಬ್ದದ ಹಿಂದೆ ಅವರ ಭಯವೂ ಇದೆಯೆಂದು ತಿಳಿಯಿತು. ನೋವು ಕಡಿಮೆಯಾಯಿತೆಂದು ಹೇಳಲಾರೆ. ಆದರೆ ಅವರಲ್ಲಿ ಇಬ್ಬರು ನನ್ನ ಆಪ್ತ ಗೆಳತಿಯರಾದದ್ದು ಅದನ್ನು ಅವರೊಂದಿಗೆ ಚರ್ಚಿಸಲು ಸಾಧ್ಯವಾದ ಮೇಲೆ.

ಹಣದ ಅಡಚಣೆಯಿದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿಯೂ ಸಮಾಜಶಾಸ್ತ್ರದ ಬಿ.ಎ. ಇದೆ, ಅದರ ಪಾಠದ ಪುಸ್ತಕಗಳನ್ನು ಕಾಲೇಜಿಗೆ ಹೋಗುವವರೂ ಓದುತ್ತಾರೆ. ಕರ್ನಾಟಕದ ಪದವಿ ತರಗತಿಗಳಿಗಾಗಿ ಕನ್ನಡದಲ್ಲಿ ಬಂದಿರುವ ಪಠ್ಯಗಳನ್ನು ಊರಿಗೆ ಹೋದಾಗ ತರಿಸಿಕೊಳ್ಳಿ. ಸ್ತರವಿನ್ಯಾಸ, ಬಂಧುತ್ವ, ಸಾಮಾಜೀಕರಣ ಎಂಬ ಮಾತುಗಳನ್ನು ಒಮ್ಮೆ ಕನ್ನಡದಲ್ಲಿ ಓದಿಕೊಂಡರೆ ಇಂಗ್ಲಿಷ್ ಪಾಠ ಬೇಗ ಹಿಡಿತಕ್ಕೆ ಬರುತ್ತದೆ. ನನಗೆ ಹಾಗೆಯೇ ಆಯಿತು.

ಪ್ರಶ್ನೆ ಕೇಳಿದ ತಂದೆಯಿಂದ

ತಾವೆಲ್ಲರೂ ಇಷ್ಟು ಹೊತ್ತು ತೆಗೆದು ಬರೆದುದಕ್ಕೆ ನಾನು ಋಣಿ. ನಿನ್ನೆ ರಾತ್ರಿ ಕ್ಯಾಂಟೀನು ಮುಚ್ಚಿ ಬಂದ ಮೇಲೆ ಎಲ್ಲ ಉತ್ತರಗಳನ್ನೂ ಮಗಳಿಗೆ ಓದಿ ಹೇಳಿದೆ. ಮುಲುಂಡಿನ ಮಗಳು ಬರೆದ ಮಾಟುಂಗದ ಸಂಗತಿ ಬಂದಾಗ ಅವಳು ನನ್ನನ್ನು ತಡೆದು, ‘ಅಪ್ಪಾ, ನಿಮ್ಮನ್ನು ಊರಿನಿಂದ ಕರೆತಂದವರು ಯಾರು, ಖೋಲಿಯಲ್ಲಿ ನಿಮ್ಮ ಚಾಪೆ ಎಲ್ಲಿತ್ತು’ ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಮನೆಯಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಹನ್ನೊಂದು ಮಂದಿ ಮಲಗುತ್ತಿದ್ದ ಖೋಲಿಯಲ್ಲಿ ಬಾಗಿಲ ಬದಿಯ ಜಾಗ ಹೊಸಬನಾದ ನನ್ನದಾಗಿತ್ತು. ರಾತ್ರಿಪಾಳಿ ಮುಗಿಸಿ ಬಂದವರು ದಾಟುವಾಗಲೆಲ್ಲ ಎಚ್ಚರವಾಗುತ್ತಿತ್ತು. ಕಿಟಕಿಯ ಜಾಗ ಭಟ್ಟರದು. ಒಬ್ಬೊಬ್ಬರ ಹೆಸರು, ಊರು ಹೇಳುತ್ತ ಹೋದೆ. ಅವಳು ಹಳೆಯ ಅಕೌಂಟ್ಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಖೋಲಿಯ ಚೌಕ ಹಾಕಿ ಎಲ್ಲರನ್ನೂ ಬರೆದುಕೊಂಡಳು. ಇಬ್ಬರ ಊರು ನನಗೆ ನೆನಪಾಗಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದಾಳೆ.

ಅರ್ಥಶಾಸ್ತ್ರವನ್ನು ಮೈನರ್ ಆಗಿ ತೆಗೆದುಕೊಳ್ಳಲು ಅವಳೂ ಒಪ್ಪಿದ್ದಾಳೆ. ಡೊಂಬಿವಲಿ, ಕಲ್ಯಾಣ, ಠಾಣೆಯ ಕಾಲೇಜುಗಳಲ್ಲಿ ಟಿ.ವೈ.ವರೆಗೂ ಸಮಾಜಶಾಸ್ತ್ರವಿದ್ದು, ಕ್ಷೇತ್ರಕಾರ್ಯಕ್ಕೂ ಕರೆದೊಯ್ಯುವ ಕಾಲೇಜು ಯಾವುದಾದರೂ ಗೊತ್ತಿದ್ದರೆ ತಿಳಿಸಿ. ಸೋಮವಾರ ಇಬ್ಬರೂ ಹೋಗಿ ವಿಚಾರಿಸಿ ಬರುತ್ತೇವೆ.